ಜನ್ನಾಪುರಕ್ಕೆ ಒಯ್ದ ತಿದ್ದುಪಡಿ

ಬೆಳಗಿನ ರೈಲು ಮೈಸೂರು ಬಿಡುವಾಗಲೇ ನನಗೆ ಸುಸ್ತಾಗಿತ್ತು. ಮೂಳೆ ನೋಡಿ ಇವರು ಯಾರೆಂದು ಹೇಳುವ ಕೆಲಸಕ್ಕೆ ಸೇರಿ ಮೂವತ್ತು ವರ್ಷವಾಯಿತು. ಇನ್ನು ನಾಲ್ಕು ತಿಂಗಳಿಗೆ ನಿವೃತ್ತಿ. ಎಷ್ಟೋ ಊರು ಸುತ್ತಿದ್ದೇನೆ, ಶವಾಗಾರ ಬಿಟ್ಟರೆ ಯಾವ ಊರಿನಲ್ಲೂ ಏನನ್ನೂ ನೋಡಿಲ್ಲ. ಅರಸೀಕೆರೆಯಲ್ಲಿ ಕೊಂಡ ಇಡ್ಲಿ ತಣ್ಣಗಿತ್ತು. ತಿಂದೆ.

ಶಿವಮೊಗ್ಗದಲ್ಲಿ ಇಳಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಆಟೋದವನು ಮೊದಲು ನೂರೈವತ್ತು ಎಂದ, ಆಮೇಲೆ ಎಂಬತ್ತಕ್ಕೆ ಇಳಿದ. "ಮೇಡಂ, ತ್ಯಾವರೆಕೊಪ್ಪ ಸಫಾರಿ ನೋಡ್ಕೊಂಡ್ ಬರೋಣ್ವಾ? ಹುಲಿ ಚೆನ್ನಾಗ್ ಕಾಣ್ತವೆ" ಎಂದ. ಶವಾಗಾರಕ್ಕೆ ನಡೆ ಮಾರಾಯ ಎಂದೆ.

ಮೇಜಿನ ಮೇಲೆ, ನಾಲೆಯ ಹೂಳೆತ್ತುವಾಗ ಸಿಕ್ಕ ಅಸ್ಥಿಪಂಜರವಿತ್ತು. ಬಲಗಾಲಿನ ಮೂಳೆಗೆ ಕೂರಿಸಿದ ಸ್ಟೀಲ್ ಪ್ಲೇಟಿನ ನಂಬರು ಆಸ್ಪತ್ರೆಯ ಹಳೆಯ ಕಡತಕ್ಕೆ ಸರಿಹೊಂದಿತು. ಭದ್ರಾವತಿಯ ಕಾರ್ಖಾನೆ ಕೆಲಸಗಾರ ಕೃಷ್ಣಪ್ಪ, ಅನುಮಾನವೇ ಇಲ್ಲ. ಕಷ್ಟವೇನೆಂದರೆ, ಇದೇ ಕೃಷ್ಣಪ್ಪನನ್ನು ಹನ್ನೊಂದು ವರ್ಷದ ಹಿಂದೆ ನಾನೇ ಗುರುತಿಸಿ, ಸುಡಲು ಕೊಟ್ಟಿದ್ದೆ.

ಆಗ ಹೊಳೆದಂಡೆಯಿಂದ ಬಂದದ್ದು ತಲೆಬುರುಡೆ, ಒಂದಷ್ಟು ಪಕ್ಕೆಲುಬು, ಒಂದು ಖಾಕಿ ಅಂಗಿ. ಕಾಲಿನ ಮೂಳೆ ಇರಲಿಲ್ಲ. ಕಿಡಿ ಬಿದ್ದು ತೂತಾದ ಅಂಗಿಯ ತೋಳಿಗೆ ಹಸಿರು ನೂಲಿನ ಹೊಲಿಗೆ ಇತ್ತು; ಇದು ನನ್ನ ಕೈಯದ್ದೇ ಎಂದು ಕೃಷ್ಣಪ್ಪನ ಹೆಂಡತಿ ಗಿರಿಜಮ್ಮ ಅತ್ತರು. ನಾನು 'ವಯಸ್ಸು ಹೊಂದುತ್ತದೆ' ಎಂದು ಬರೆದು ಸಹಿ ಹಾಕಿದೆ. ಡಿಎನ್‌ಎ ಪರೀಕ್ಷೆ ಕೇಳಬೇಕಿತ್ತು. ಆ ವಾರ ಮೂರು ಜಿಲ್ಲೆ ತಿರುಗಿದ್ದೆ, ಮನೆ ಸೇರಿದರೆ ಸಾಕಾಗಿತ್ತು. ಕೇಳಲಿಲ್ಲ.

ಈಗಲೂ ಒಂದು ಪತ್ರ ಬರೆದು ಕೈತೊಳೆದುಕೊಳ್ಳಬಹುದಿತ್ತು. ಆದರೆ ಆ ಹೆಂಗಸಿನ ಎದುರು ಕೂತು ಹೇಳದೆ ನಿವೃತ್ತಿಯಾಗಲು ಮನಸ್ಸು ಒಪ್ಪಲಿಲ್ಲ.

ಭದ್ರಾವತಿಗೆ ಇಪ್ಪತ್ತು ಕಿಲೋಮೀಟರಿನಷ್ಟು ದಾರಿ. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಕಾಸಿಲ್ಲ, ಆಧಾರ್ ತೋರಿಸಿದರಾಯಿತು. ಕಂಡಕ್ಟರ್ ಫೋಟೋ ನೋಡಿ, ನನ್ನ ಮುಖ ನೋಡಿ, "ಇದು ನೀವೇನಾ ಅಮ್ಮ?" ಎಂದ. ಇಷ್ಟು ವರ್ಷ ನಾನು ಬೇರೆಯವರ ಬಗ್ಗೆ ಕೇಳಿದ ಪ್ರಶ್ನೆ. ನಾನೇ ಕಣಪ್ಪ ಎಂದೆ.

ಭದ್ರಾವತಿಯ ಜನ್ನಾಪುರ ಬಡಾವಣೆಯಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಗಿರಿಜಮ್ಮ ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದರು. ಕಾಫಿ ಕೊಟ್ಟರು. ನಾನು ಸುತ್ತಿ ಬಳಸದೆ ಹೇಳಿದೆ. ತಪ್ಪು ನನ್ನದು ಎಂದೂ ಹೇಳಿದೆ.

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಹಂಗಾದ್ರೆ ನಾನು ಇಷ್ಟು ವರ್ಷ ಎಡೆ ಇಟ್ಟಿದ್ದು ಯಾರಿಗೆ ಮೇಡಂ?"

"ಗೊತ್ತಿಲ್ಲಮ್ಮ."

"ಅಂಗಿ ಇವರದ್ದೇ. ಹೊಲಿಗೆ ನಂದೇ..." ಅಷ್ಟು ಹೇಳುವಾಗ ಅವರ ಕೈ ಅಕ್ಕಿಯ ಮೇಲೆ ನಿಂತಿತು. ಹೊಸ ಯೂನಿಫಾರ್ಮ್ ಬಂದಾಗ ಹಳೆಯದನ್ನು ಗುತ್ತಿಗೆ ಕೂಲಿಗಳಿಗೆ ಕೊಟ್ಟುಬಿಡುವುದು ಇಲ್ಲಿನ ಮನೆಗಳ ರೂಢಿ. ಅದು ಅವರಿಗೆ ಈಗ ನೆನಪಾಗಿತ್ತು.

"ಲೋಡಿಂಗ್ ಮಾಡ್ತಿದ್ನಲ್ಲ ಮಣಿ, ಅವನಿಗೆ ಕೊಟ್ಟಿದ್ದೆ. ಇವರ ವಯಸ್ಸಿನವನೇ. ಇವರು ಕಾಣೆಯಾದ ತಿಂಗಳೇ ಅವನ ಹೆಂಡ್ತಿ ಸೆಲ್ವಿ ಬಂದಿದ್ಲು, ಮನೆಗೆ ಬಂದಿಲ್ಲ ಅಕ್ಕ ಅಂತ. ನನ್ನ ಗೋಳೇ ನನಗಾಗಿತ್ತು. ಕುಡಿದು ಎಲ್ಲೋ ಹೋಗಿರ್ತಾನೆ, ಬರ್ತಾನೆ ಬಿಡು ಅಂತ ಹೇಳಿ ಕಳಿಸಿದೆ."

ಸೆರಗಿನಲ್ಲಿ ಮುಖ ಒರೆಸಿಕೊಂಡು ಎದ್ದರು. ತಮ್ಮ ಗಂಡನ ಮೂಳೆ ಯಾವಾಗ ಕೊಡುತ್ತೀರೆಂದೂ ಕೇಳಲಿಲ್ಲ. "ಬನ್ನಿ, ಎರಡು ಬೀದಿ ಆಚೆ ಇದಾಳೆ. ಅವಳಿಗೆ ನಾನೇ ಹೇಳ್ತೀನಿ" ಎಂದರು. ಸಂಜೆಯ ರೈಲು ತಪ್ಪುತ್ತದೆ ಎಂಬುದು ನನ್ನ ತಲೆಗೆ ಬಂತು. ಆ ಯೋಚನೆ ಬಂದದ್ದಕ್ಕೆ ನಾಚಿಕೆಯಾಯಿತು.

ನಡೆಯುತ್ತ ಯೋಚಿಸಿದೆ. ಮಣಿಯೇ ಹೌದೆಂದು ತೋರಿಸಲು ನನ್ನ ಹತ್ತಿರ ಏನಿದೆ? ಬುರುಡೆ ಸುಟ್ಟಾಗಿದೆ. ಬೂದಿಯನ್ನು ಕೂಡ್ಲಿಯ ಹೊಳೆಯಲ್ಲಿ ಬಿಟ್ಟಾಗಿದೆ. ಒಂದು ಹಲ್ಲನ್ನೂ ನಾನು ತೆಗೆದಿಡಲಿಲ್ಲ.

ಬಾಗಿಲಿಗೆ ಬಂದ ಸೆಲ್ವಿಯ ಹಣೆಯಲ್ಲಿ ಅಗಲವಾದ ಕುಂಕುಮವಿತ್ತು. ಗಿರಿಜಮ್ಮನನ್ನು ನೋಡಿದಳು, ನನ್ನ ಕಂಕುಳಲ್ಲಿದ್ದ ಸರ್ಕಾರಿ ಫೈಲು ನೋಡಿದಳು. ಅವಳ ಮುಖ ಅರಳಿತು.

"ನಮ್ಮನೆಯವರು ಸಿಕ್ಕಿದ್ರಾ ಅಕ್ಕ?" ಎಂದಳು.