ಕೈಗೆಂದು ಕೊಂಡ ಕ್ರೀಮ್

ಪಕ್ಕದ ಮನೆಯ ಅರಿಶಿನ-ಕುಂಕುಮಕ್ಕೆ ಹೋಗಿದ್ದೆ. ಅವರ ಹೊಸ ಸೋಫಾಕ್ಕೆ ಇನ್ನೂ ಅಂಗಡಿಯ ಪ್ಲಾಸ್ಟಿಕ್ ಹೊದಿಕೆ ಇತ್ತು. ಕೂತು ಐದು ನಿಮಿಷವಾಗಿರಲಿಲ್ಲ, ಗುದದ್ವಾರದ ಸುತ್ತ ತುರಿಕೆ ಶುರುವಾಯಿತು. ಉಡಿ ತುಂಬುವವರೆಗೆ ಹಲ್ಲು ಕಚ್ಚಿ ಕೂತೆ.

ಗುದದ್ವಾರ. ಈ ಪದವನ್ನು ಈಗ ಬರೆಯುತ್ತಿದ್ದೇನೆ. ಆಗ ಮನಸ್ಸಿನಲ್ಲೂ ಹೇಳಿಕೊಂಡಿರಲಿಲ್ಲ. ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರ್ ದೇಹದ ಚಾರ್ಟ್ ತೋರಿಸುವಾಗ ಕೋಲು ಹೊಟ್ಟೆಯ ಹತ್ತಿರ ನಿಂತುಬಿಡುತ್ತಿತ್ತು.

ಸ್ವಚ್ಛತೆ ಸಾಲದೆಂದುಕೊಂಡೆ. ದಿನಕ್ಕೆ ನಾಲ್ಕು ಸಲ ಸೋಪು, ಆಂಟಿಸೆಪ್ಟಿಕ್. ಹೆಚ್ಚಾಯಿತು.

ಸೊಲ್ಲಾಪುರ ರಸ್ತೆಯ ಮೆಡಿಕಲ್‌ಗೆ ಹೋದೆ. ಅಂಗಡಿಯವರು ನನ್ನ ಯಜಮಾನರ ಗೆಳೆಯರು, ನನ್ನನ್ನು ವೈನಿ ಎನ್ನುತ್ತಾರೆ. ಅತ್ತಿಗೆ ಎಂದು ಕರೆದವರ ಮುಂದೆ ಅದನ್ನು ಹೇಗೆ ಹೇಳುವುದು?

“ತುರಿಕಿಗೆ ಒಂದ ಕ್ರೀಮ್ ಕೊಡ್ರಿ.”

“ಎಲ್ಲಿ ಆಗೇತ್ರಿ ವೈನಿ?”

“ಕೈಗ್ರಿ. ಭಾಂಡೆ ತಿಕ್ಕೋ ಪುಡಿ ಒಗ್ಗವಲ್ದು.”

“ಹಂಗಾರ ನಮ್ಮ ದೋಸ್ತಗ ತಿಕ್ಕಾಕ ಹೇಳ್ರಲಾ!” ನಗುತ್ತಲೇ ಟ್ಯೂಬ್ ಕೊಟ್ಟರು. “ನಾಕ ದಿನದಾಗ ಮಾಯ ನೋಡ್ರಿ.”

ಎರಡೇ ದಿನದಲ್ಲಿ ಹೋಯಿತು. ಬಿಟ್ಟರೆ ಮತ್ತೆ ಬಂತು. ಮತ್ತೆ ಹಚ್ಚಿದೆ. ಆರು ವಾರ ಹೀಗೇ. ಟ್ಯೂಬನ್ನು ರೇಷ್ಮೆ ಸೀರೆಯ ಮಡಿಕೆಯಲ್ಲಿ ಮುಚ್ಚಿಡುತ್ತಿದ್ದೆ. ಕೊನೆಕೊನೆಗೆ ತುರಿಕೆಯ ಜೊತೆ ಉರಿಯೂ ಸೇರಿತು.

ನಿಡೋಣಿಯಲ್ಲಿ ನಾದಿನಿಯ ಬಸುರಿ ಮಗಳ ಕುಬಸ, ಅಂದರೆ ಸೀಮಂತ, ಇತ್ತು. ಕಾರಿನಲ್ಲಿ ಅಷ್ಟು ಹೊತ್ತು ಕೂರಲಾರದೆ ತಲೆನೋವೆಂದು ನೆಪ ಹೇಳಿದೆ. ನಾದಿನಿ ಫೋನಿನಲ್ಲಿ, “ಯಾಕ್ರಿ ವೈನಿ, ನಮ್ಮ ಮನಿ ಗಾದಿ ಚುಚ್ಚತಾವೇನು?” ಎಂದಳು. ನಕ್ಕೆ. ಆಮೇಲೆ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಮರುದಿನ ಟವೆಲ್ಲಿನ ಮೇಲೆ ರಕ್ತ.

ಕ್ಯಾನ್ಸರೇ ಎಂದುಕೊಂಡೆ. ಯಾರಿಗೂ ಹೇಳದೆ ಆಟೋ ಹಿಡಿದು, ಒಂದೇ ಮಗ್ಗುಲಿಗೆ ವಾಲಿ ಕೂತು, ಗೋಳಗುಮ್ಮಟದ ಹತ್ತಿರದ ಲೇಡಿ ಡಾಕ್ಟರ್ ಬಳಿ ಹೋದೆ. ಅವರು ಪರೀಕ್ಷಿಸಿ, ಟ್ಯೂಬನ್ನು ತಿರುಗಿಸಿ ಓದಿದರು.

“ಇದನ್ನ ಅಲ್ಲಿಗಂತ ಕೊಟ್ಟಾರೇನ್ರಿ?”

“ಇಲ್ರಿ, ನಾನ ಕೈಗಂತ ಹೇಳಿದ್ದೆರಿ.”

ಅವರು ನಗಲಿಲ್ಲ. “ಇದು ಜೋರ ಸ್ಟೆರಾಯ್ಡ್ ಐತ್ರಿ. ಅಲ್ಲಿ ತೊಗಲ ಭಾಳ ತೆಳು. ಹಚ್ಚಿ ಹಚ್ಚಿ ಇನ್ನೂ ತೆಳು ಆಗಿ ಸೀಳೇತಿ. ಕ್ಯಾನ್ಸರ್ ಅಲ್ಲ. ಆದ್ರ ರಕ್ತ ಕಂಡಕೂಡ್ಲೆ ಬಂದ್ರಲಾ, ಛಲೋ ಮಾಡಿದ್ರಿ.”

ಸೋಪು, ಆಂಟಿಸೆಪ್ಟಿಕ್ ಬಂದ್. ಬರೀ ಉಗುರುಬೆಚ್ಚಗಿನ ನೀರು. ಉಜ್ಜದೆ, ಮೆತ್ತನೆಯ ಬಟ್ಟೆ ಒತ್ತಿ ಒಣಗಿಸಬೇಕು. ಮೇಲೆ ಜಿಂಕ್ ಇರುವ ಕ್ರೀಮ್, ತೆಳುವಾಗಿ. ಸೌಮ್ಯವಾದ ಸ್ಟೆರಾಯ್ಡ್ ಕೂಡ ಡಾಕ್ಟರನ್ನು ಕೇಳದೆ ಒಂದು ವಾರ ದಾಟಬಾರದಂತೆ. ರೊಟ್ಟಿಯ ಜೊತೆಗಿನ ಕೆಂಪು ಮೆಣಸಿನ ರಂಜಕವನ್ನೂ ಸದ್ಯಕ್ಕೆ ಬಿಡಿಸಿದರು.

ಹಳೆಯ ಕ್ರೀಮ್ ನಿಲ್ಲಿಸಿದ ಮೊದಲ ವಾರ ತುರಿಕೆ ಇನ್ನೂ ಜೋರಾಯಿತು. ಹೀಗಾಗಬಹುದೆಂದು ಡಾಕ್ಟರ್ ಹೇಳಿದ್ದರು. ಆದರೂ ಒಬ್ಬಳೇ ತಡೆಯಲಾಗಲಿಲ್ಲ. ಊಟಕ್ಕೆ ಕೂತ ಯಜಮಾನರಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು.

“ನನಗೂ ಹೋದ ವರ್ಷ ಹಿಂಗ ಆಗಿತ್ತು,” ಎಂದರು. “ಮೂರ ತಿಂಗಳ. ನಿನಗ ಹೆಂಗ ಹೇಳೂದಂತ ಸುಮ್ಮನಿದ್ದೆ.”

ಒಂದೇ ಮನೆ. ನನಗೆ ಗೊತ್ತೇ ಇರಲಿಲ್ಲ.

ಈಗ ಬಹುಪಾಲು ವಾಸಿಯಾಗಿದೆ. ಸೆಕೆಯ ಕೆಲವು ಮಧ್ಯಾಹ್ನ ಇನ್ನೂ ತುರಿಸುತ್ತದೆ. “ಇವತ್ತ ಹೆಂಗೈತಿ?” ಎಂದು ಅವರು ಕೇಳುತ್ತಾರೆ. ನಾನು ಇದ್ದದ್ದನ್ನು ಇದ್ದಂತೆ ಹೇಳುತ್ತೇನೆ.