ಬೆಳ್ಳುಳ್ಳಿ ಎಣ್ಣೆಯ ಇಯರ್‌ಪ್ಲಗ್

ಗೆಳೆಯರೇ, ಇವತ್ತು ಬೆಳಿಗ್ಗೆ ಮದ್ದೂರಿನ ನಮ್ಮ ಮನೆಯಲ್ಲಿ ಮಗಳ ಎರಡು ಕಿವಿಗಾಗಿ ಮೂರು ಬಾಯಿ ನೋಯಿಸಿಕೊಂಡೆವು.

ಮಗಳಿಗೆ ಮಂಡ್ಯದಲ್ಲಿ ರೈಫಲ್ ಶೂಟಿಂಗಿನ ಆಯ್ಕೆ ಸ್ಪರ್ಧೆ. ಗುಂಡಿನ ಸದ್ದು ತಡೆಯಲು ಹೆಡ್‌ಫೋನಿನಂತೆ ಕಿವಿ ಮುಚ್ಚುವ ದೊಡ್ಡದನ್ನು ಹಾಕಿದರೆ, ಬಂದೂಕಿಗೆ ಕೆನ್ನೆ ಒತ್ತಿದಾಗ ಅದು ಅಡ್ಡ ಬರುತ್ತದೆ. ಅದಕ್ಕೇ ಕಿವಿಯೊಳಗೆ ಕೂರುವ ಇಯರ್‌ಪ್ಲಗ್ ತಂದಿದ್ದೆ: ರಬ್ಬರಿನದು ಒಂದು ಜೊತೆ, ಸ್ಪಂಜಿನದು ಎರಡು ಜೊತೆ.

"ಅಪ್ಪ, ರಬ್ಬರ್ದು ಚುಚ್ತದೆ. ಸ್ಪಂಜಿಂದು ಆರಾಮಾಗಿ ಅದೆ, ಆದ್ರೆ ಇಷ್ಟು ಮೆತ್ತಗಿರೋದು ಗುಂಡಿನ ಸದ್ದು ತಡೀತದಾ?" ಎಂದಳು. ಬಸ್ಸಿಗೆ ಇನ್ನು ಅರ್ಧ ಗಂಟೆ. ಗುರಿಯೆಲ್ಲ ಸರಿ, ಕಿವಿಯದೇ ಕಿರಿಕಿರಿ.

ಅಷ್ಟರಲ್ಲಿ ನಮ್ಮವ್ವ ಸ್ಪಂಜಿನ ಒಂದು ಜೊತೆಯನ್ನು ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯಲ್ಲಿ ಅದ್ದಿ ತಂದಳು. "ಕಿವೀಗೆ ಒಣಗಿದ್ದ ಇಕ್ತಾರೇನ್ಲಾ? ನೋಡು, ಎಂಗೆ ಜಾರ್ಕೊಂಡು ಓಯ್ತದೆ!" ಎಂದವಳೇ ತನ್ನ ಎರಡೂ ಕಿವಿಗೆ ತುರುಕಿಕೊಂಡಳು.

ನನಗೆ ಸಿಟ್ಟು ನೆತ್ತಿಗೇರಿತು. "ಏನವ್ವಾ ನೀನು, ಅದೇನು ವಡೆನಾ ಎಣ್ಣೆಗೆ ಬುಡಾಕೆ?" ಎಂದು ಶುರುಮಾಡಿ ಬಾಯಿಗೆ ಬಂದಂತೆ ಕೂಗಾಡಿದೆ. ಎದುರು ಮನೆಯವರು ಬಾಗಿಲಿಗೆ ಬಂದು ನಿಂತರು. ಅವ್ವ ಮಾತ್ರ ನನ್ನ ಮುಖವನ್ನೇ ನೋಡುತ್ತ, "ಯಾಕ್ಲಾ ಬರೀ ತುಟಿ ಅಲ್ಲಾಡುಸ್ತಾ ನಿಂತಿದ್ದೀಯ? ಅದೇನು ಬಾಯ್ಬುಟ್ಟು ಯೋಳು" ಎಂದಳು.

ಮಗಳು ಸ್ಪಂಜಿನ ಇನ್ನೊಂದು ಜೊತೆಯನ್ನು ಜೇಬಿಗಿಳಿಸಿ ಬಸ್ಸಿಗೆ ಹೊರಟಳು. ಮಂಡ್ಯ ಸೀಮೆಯ ಬೈಗುಳವನ್ನೇ ತಡೆದದ್ದಕ್ಕೆ ಬಂದೂಕು ಯಾವ ಲೆಕ್ಕ?