ಗುರು ಕೊಟ್ಟ ಫೈಲು

ಕಳಸದ ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ದಯಾನಂದನ ಡಿಟಿಪಿ ಅಂಗಡಿ. ಜೆರಾಕ್ಸ್, ಆಧಾರ್ ಸ್ಕ್ಯಾನ್, ಅರ್ಜಿ ಟೈಪಿಂಗ್ ಎಲ್ಲವೂ ಉಂಟು. ಆದರೆ ಊರು ಅವನನ್ನು ನಂಬಿದ್ದು ಲಗ್ನಪತ್ರಿಕೆಗೆ. ಮುಹೂರ್ತ ತಪ್ಪಾಗಿ ಅಚ್ಚಾದರೆ ಜನ ಫೋನು ಮಾಡಿ ಸರಿಪಡಿಸಿಕೊಂಡಾರು. ಕೊನೆಯಲ್ಲಿ ಹಾಕುವ ಸುಖಾಗಮನ ಬಯಸುವವರ ಸಾಲಿನಲ್ಲಿ ದೊಡ್ಡಪ್ಪನಿಗಿಂತ ಚಿಕ್ಕಪ್ಪ ಮೇಲೆ ಬಂದನೋ, ಊಟದ ಪಂಕ್ತಿಯಿಂದ ಎದ್ದು ಹೋಗುವ ಮಹಾನುಭಾವರು ಈ ಸೀಮೆಯಲ್ಲಿದ್ದಾರೆ. ಯಾವ ಮನೆಯಲ್ಲಿ ಯಾರ ಹೆಸರು ಮೊದಲು, ಯಾರನ್ನು ಯಾರ ಪಕ್ಕ ಹಾಕಬಾರದು, ತೀರಿಹೋದವರಲ್ಲಿ ಯಾರನ್ನು ನೆನೆಯಲೇಬೇಕು ಎಂಬುದೆಲ್ಲ ದಯಾನಂದನ ಕಂಪ್ಯೂಟರಿನಲ್ಲಿ ಒಂದೊಂದು ಮನೆಗೆ ಒಂದೊಂದು ಫೈಲಾಗಿ ಕೂತಿತ್ತು. ಬಂದವರು "ಹೋದ್ಸಲದ್ದೇ ಇರ್ಲಿ ಮಾರಾಯ, ಗಂಡು ಹೆಣ್ಣಿನ ಹೆಸ್ರು ಮಾತ್ರ ಬದ್ಲಿಸು" ಎಂದು ಹೇಳಿ ಕಾಫಿ ಕುಡಿಯಲು ಹೋಗುತ್ತಿದ್ದರು.

ಅವನಿಗೆ ಕನ್ನಡ ಟೈಪಿಂಗ್ ಕಲಿಸಿದವರು ಚಿಕ್ಕಮಗಳೂರಿನ ಗುರುವಯ್ಯ ಮೇಷ್ಟ್ರು. ಕಲಿತು ಹೊರಡುವ ದಿನ ಕಾಲಿಗೆ ಬಿದ್ದವನಿಗೆ ಎಲೆಅಡಿಕೆಯ ಜೊತೆ ಒಂದು ಸಿ.ಡಿ. ಕೊಟ್ಟರು. ಅದರಲ್ಲಿ ಟೈಪಿಂಗ್ ಪ್ರೋಗ್ರಾಂ ಇತ್ತು, ಜೊತೆಗೆ ದುಡ್ಡು ಕೊಡದೆಯೇ ಅದರ ಬೀಗ ತೆಗೆಯುವ ಒಂದು ಚಿಕ್ಕ ಫೈಲೂ ಇತ್ತು. ಹಾಕಿದ ದಿನವೇ ಆಂಟಿವೈರಸ್ಸು ಕೆಂಪಾಗಿ ಅರಚಿತು. ಹೆದರಿ ಫೋನು ಮಾಡಿದರೆ ಮೇಷ್ಟ್ರು ನಕ್ಕರು. "ಅದು ಬೊಗಳ್ತದೆ ಕಣಯ್ಯ. ಆ ಫೋಲ್ಡರ್ ಕಡೆ ನೋಡ್ಬೇಡ ಅಂತ ಹೇಳಿಬಿಡು, ಸುಮ್ಮನಾಗ್ತದೆ."

ಹೇಳಿದ. ಸುಮ್ಮನಾಯಿತು. ಅಂಗಡಿಗೆ ಹೊಸ ಕಂಪ್ಯೂಟರ್ ಬಂದಾಗಲೆಲ್ಲ ದಯಾನಂದ ಮೊದಲು ಮಾಡುತ್ತಿದ್ದ ಕೆಲಸ ಅದೇ: ಕಾವಲುನಾಯಿಯ ಬಾಯಿ ಕಟ್ಟಿ, ಗುರುವಿನ ಫೈಲನ್ನು ಒಳಗೆ ಕರೆದುಕೊಳ್ಳುವುದು. ಆಯುಧಪೂಜೆಯ ದಿನ ಆ ಸಿ.ಡಿ.ಗೂ ಕುಂಕುಮ ಹಚ್ಚುತ್ತಿದ್ದ. ಗುರು ಕೊಟ್ಟದ್ದನ್ನು ಪರೀಕ್ಷೆ ಮಾಡಿ ನೋಡುವ ಬುದ್ಧಿ ನಮ್ಮಲ್ಲಿ ಯಾರಿಗಿದೆ ಹೇಳಿ.

ಈ ಮದುವೆ ಕಾಲದಲ್ಲಿ ಪೇಟೆಯ ಪ್ರೆಸ್ಸಿನಿಂದ ಫೋನು ಬಂತು. ದಯಾನಂದನ ಪೆನ್‌ಡ್ರೈವ್ ಹಾಕಿದ ಮೇಲೆ ಅವರ ಕಂಪ್ಯೂಟರ್ ಕೆಟ್ಟು ನಿಂತಿದೆಯಂತೆ. "ಸರಿ ಮಾಡಿಸೋವರೆಗೆ ನಿಮ್ ಕೆಲ್ಸ ತರ್ಬೇಡಿ" ಎಂದರು. ಅಚ್ಚು ಹಾಕುವವರೇ ಬೇಡವೆಂದರೆ ಪತ್ರಿಕೆಯವನು ಮಾಡುವುದೇನು? ಹೈಸ್ಕೂಲಿನಲ್ಲಿ ಕಂಪ್ಯೂಟರ್ ಕಲಿಸುವ ಮೇಘಶ್ರೀಗೆ ಹೇಳಿ ಕಳಿಸಿದ.

ಆಕೆ ಬಂದವರೇ ಇಂಟರ್ನೆಟ್ ವೈರು ಕಿತ್ತರು. ಒಳಗೆ ಏನೇನು ಓಡುತ್ತಿದೆ ಎಂದು ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದು ಒಂದು ಹೆಸರಿನ ಮೇಲೆ ಬೆರಳಿಟ್ಟರು.

"ನೋಡಿ ದಯಣ್ಣ, ಹೆಸ್ರು ವಿಂಡೋಸಿಂದೇ. ಆದ್ರೆ ವಿಂಡೋಸ್ ಫೋಲ್ಡರಲ್ಲಿ ಇಲ್ಲ. ಎಲ್ಲಿದೆ ಅಂತ ನೋಡಣ."

ನೋಡಿದರೆ ಅದು ಗುರುವಯ್ಯ ಮೇಷ್ಟ್ರ ಫೋಲ್ಡರಿನಲ್ಲಿತ್ತು. ನಿಲ್ಲಿಸಿದರು, ಮತ್ತೆ ಎದ್ದಿತು. ಅಳಿಸಿದರು, ಮತ್ತೆ ಬಂತು.

"ಇದು ಟ್ರೋಜನ್. ಒಳ್ಳೆ ಕೆಲ್ಸ ಮಾಡೋ ಹಾಗೆ ಒಳಗೆ ಬರ್ತದೆ. ಆಮೇಲೆ ಹಿಂಬಾಗ್ಲು ತೆಗೆದು ಯಾರ್ಯಾರನ್ನೋ ಬಿಟ್ಕೊಳ್ತದೆ."

"ಮೇಷ್ಟ್ರು ಕೊಟ್ಟಿದ್ದು ಮೇಡಂ. ಅವ್ರು ಅಂಥೋರಲ್ಲ."

"ಅವ್ರಿಗೂ ಗೊತ್ತಿರ್ಲಿಕ್ಕಿಲ್ಲ. ಅವ್ರಿಗೂ ಯಾರೋ ಕೊಟ್ಟಿದ್ದೇ ಅಲ್ವಾ."

ಕಂಪ್ಯೂಟರನ್ನು ಅಗತ್ಯದ್ದಷ್ಟೇ ಓಡುವ ಸೇಫ್ ಮೋಡಿನಲ್ಲಿ ಎಬ್ಬಿಸಿ, ಆಂಟಿವೈರಸ್ಸಿನ ಕಟ್ಟಿದ ಬಾಯಿ ಬಿಚ್ಚಿ, ಪೂರ್ತಿ ಸ್ಕ್ಯಾನ್ ಹಾಕಿದರು. ಆಂಟಿವೈರಸ್ಸು ಆ ಫೈಲನ್ನು ಹಿಡಿದು ಪ್ರತ್ಯೇಕವಾಗಿ ಕೂಡಿಹಾಕಿತು. ಮತ್ತೆ ಶುರು ಮಾಡಿದಾಗ ಕಂಪ್ಯೂಟರ್ ಎಳೆಗರುವಿನಂತೆ ಚಂಗನೆ ಎದ್ದಿತು. ದಯಾನಂದನ ಮುಖವೂ ಅರಳಿತು. ಟೈಪಿಂಗ್ ಪ್ರೋಗ್ರಾಂ ಒತ್ತಿದ. ಬೀಗದ ಕೈ ಸಿಗುತ್ತಿಲ್ಲ ಎಂಬ ಒಂದು ಸಾಲು ಬಂದು ನಿಂತಿತು. ಇನ್ನೊಮ್ಮೆ ಒತ್ತಿದ. ಅದೇ ಸಾಲು. ಮನೆಮನೆಯ ಫೈಲುಗಳೆಲ್ಲ ಕಣ್ಣೆದುರೇ ಇದ್ದವು, ಆ ಪ್ರೋಗ್ರಾಂ ಇಲ್ಲದೆ ಒಂದೂ ತೆರೆಯಲಿಲ್ಲ. ದುಡ್ಡು ಕೊಟ್ಟು ತರೋಣವೆಂದರೆ ಆ ಪ್ರೋಗ್ರಾಂ ಮಾಡಿದ ಕಂಪನಿಯೇ ಮುಚ್ಚಿ ಹೋಗಿತ್ತು.

"ಮೇಷ್ಟ್ರ ಫೈಲು ವಾಪಸ್ ತರ್ಲಿಕ್ಕೆ ಬರ್ತದಾ ಮೇಡಂ?"

"ಬರ್ತದೆ. ಒಂದು ಬಟನ್ ಒತ್ತಿದ್ರೆ ಸಾಕು." ಮೇಘಶ್ರೀ ಆ ಬಟನ್ ತೋರಿಸಿದರು. "ಆದ್ರೆ ಊರವ್ರ ಆಧಾರು, ಪಾಸ್‌ಬುಕ್ಕು ಎಲ್ಲ ಇದ್ರಲ್ಲೇ ಸ್ಕ್ಯಾನ್ ಮಾಡ್ತೀರಿ. ಎಲ್ಲಿಗೆ ಹೋಗ್ತದೋ ದೇವ್ರಿಗೇ ಗೊತ್ತು. ನೆಟ್ ತೆಗೆದಿಟ್ರೂ ಪೆನ್‌ಡ್ರೈವ್ ಹತ್ತಿ ಪ್ರೆಸ್ಸಿಗೆ ಹೋಗ್ತದೆ."

ದಯಾನಂದ ಮೌಸ್ ಹಿಡಿದು ಆ ಬಟನ್ನಿನ ತನಕ ಹೋದ. ಒತ್ತಿದರೆ ಊರಿಗೆ ದ್ರೋಹ, ಒತ್ತದಿದ್ದರೆ ಇಷ್ಟು ವರ್ಷದ ದುಡಿಮೆ ಮಣ್ಣುಪಾಲು. ತನ್ನ ಮೇಲೆ ಸಿಟ್ಟು ಬಂತು, ಮೇಷ್ಟ್ರ ಮೇಲೂ ಬಂತು; ಮೇಷ್ಟ್ರ ಮೇಲೆ ಬಂದದ್ದಕ್ಕೆ ನಾಚಿಕೆಯೂ ಆಯಿತು. ಕೊನೆಗೆ "ಬೇಡ" ಎಂದು ಕೈ ತೆಗೆದ.

ಅದೇ ಹೊತ್ತಿಗೆ ಹೊರನಾಡು ರಸ್ತೆಯ ತಿಮ್ಮಮ್ಮ ಬಂದರು. ಸಣ್ಣ ತೋಟದ ದೊಡ್ಡ ಮನೆತನ. ಮೊಮ್ಮಗಳು ಕುಸುಮಾಳ ಮದುವೆ.

"ಹೋದ್ಸಲದ್ದೇ ಇರ್ಲಿ ದಯಾನಂದ. ಹುಡ್ಗಿ ಕುಸುಮಾ, ಗಂಡು ವಸ್ತಾರೆ ಕಡೆಯೋನು, ರುದ್ರೇಶ್ ಅಂತ."

"ಹೋದ್ಸಲದ್ದು ಹೋಯ್ತು ಅಮ್ಮ. ಮನೇಲಿ ಹಳೇ ಪತ್ರಿಕೆ ಒಂದು ಇದ್ರೆ ಕೊಡಿ."

"ಮದ್ವೆ ಮುಗಿದ್ಮೇಲೆ ಪತ್ರಿಕೆ ಯಾರು ಇಟ್ಕತ್ತಾರೆ ಮಾರಾಯ? ನಿನ್ನತ್ರ ಉಂಟಲ್ಲ ಅಂತ ಬಿಟ್ಟಿದ್ದು. ಎಷ್ಟು ಮದ್ವೆಗೆ ನೀನೇ ಹೊಡ್ದಿದ್ದಿ. ಹೆಸ್ರು ನಿಂಗೆ ಬಾಯಿಗೇ ಬರ್ಬೇಕಲ್ಲ."

ಬರಬೇಕಿತ್ತು. ದಯಾನಂದ ಕಣ್ಣು ಮುಚ್ಚಿ ಯೋಚಿಸಿದ. ಅವರ ಯಜಮಾನರ ಹೆಸರೊಂದು ಸಿಕ್ಕಿತು, ಪರಮೇಶ್ವರಪ್ಪ. ಆಮೇಲೆ ಯಾರು? ತಮ್ಮನೋ, ಅಳಿಯನೋ? ಅಷ್ಟೂ ಮನೆಗಳ ಮರ್ಯಾದೆ ಕಾದವನಿಗೆ ಎರಡನೆಯ ಹೆಸರು ಹೊಳೆಯಲಿಲ್ಲ.

"ನೀವೇ ಹೇಳಿ ಅಮ್ಮ, ಹೊಡೀತೀನಿ."

ಮೇಘಶ್ರೀ ಬೇರೊಂದು ಕನ್ನಡ ಟೈಪಿಂಗ್ ಪ್ರೋಗ್ರಾಂ ಹಾಕಿಕೊಟ್ಟರು. ಅದರಲ್ಲಿ ಅಕ್ಷರಗಳ ಜಾಗವೇ ಬೇರೆ. ಕಣ್ಣು ಮುಚ್ಚಿಕೊಂಡು ಟೈಪು ಮಾಡುತ್ತಿದ್ದ ಬೆರಳುಗಳು ಹಳೆಯ ಜಾಗಕ್ಕೇ ಹೋದವು. ಪರಮೇಶ್ವರಪ್ಪ ಬರೆಯಲು ಹೋದರೆ ಅರ್ಥವಿಲ್ಲದ ಏನೋ ಬಂತು. ಅಳಿಸಿ ಮತ್ತೆ ಹೊಡೆದ. ಮತ್ತೂ ಅದೇ ಗತಿ. ಓದಲು ಬಾರದ ತಿಮ್ಮಮ್ಮ ಪರದೆಯನ್ನು ಬಿಟ್ಟು ಅವನ ಬೆರಳುಗಳನ್ನೇ ನೋಡುತ್ತಿದ್ದರು. ಅವು ಒಂದೊಂದು ಅಕ್ಷರಕ್ಕೂ ತಡಕಾಡುತ್ತಿದ್ದವು.

"ನೀವೇ ಹೊಡೀರಿ ಮೇಡಂ" ಎಂದು ದಯಾನಂದ ಎದ್ದ.

ಮೇಘಶ್ರೀ ಅವನ ಕುರ್ಚಿಯಲ್ಲಿ ಕೂತರು. ತನ್ನದೇ ಅಂಗಡಿಯಲ್ಲಿ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಅವನು ಒಂದು ಗಳಿಗೆ ಜೆರಾಕ್ಸ್ ಮೆಷಿನ್ನಿನ ಹತ್ತಿರ ನಿಂತ, ಆಮೇಲೆ ಕೌಂಟರ್ ದಾಟಿ ಈಚೆಗೆ ಬಂದ. ತಿಮ್ಮಮ್ಮ ಗಿರಾಕಿಗಳ ಬೆಂಚಿನಲ್ಲಿ ಸೆರಗು ಎಳೆದುಕೊಂಡು ಅತ್ತ ಸರಿದರು.

"ಬಾ, ಕೂತ್ಕ" ಎಂದರು.

ದಯಾನಂದ ಅವರ ಪಕ್ಕದಲ್ಲಿ ಕೂತ.